ಕುಂಕುಮದ ಕೆಳಗಿನ ರುಜು

ಮೊದಲ ಪ್ಲೇಟಿನ ಪ್ರಿಂಟನ್ನು ನೀರಿನ ತೊಟ್ಟಿಯಿಂದ ಎತ್ತಿ ಬೆಳಕಿಗೆ ಹಿಡಿದಾಗ ಕಂಡದ್ದು ಒಂದು ಕರಿಯ ಮುದ್ದೆ. ದೊಡ್ಡ ರಾಷ್ಟ್ರನಾಯಕರೊಬ್ಬರ ರುಜು ಇರಬೇಕಾದ ಕಡೆ ಯಾರೋ ಇದ್ದಿಲು ತಂದು ಉಜ್ಜಿದ ಹಾಗಿತ್ತು. ಆ ರುಜು ಇದ್ದ ಮನೆಯವರಾದ ಯಡಿಯೂರಿನ ಯಜಮಾನರು ಚಪ್ಪಲಿ ಹೊರಗೆ ಬಿಟ್ಟು, ಕೈ ಕಟ್ಟಿಕೊಂಡು ನನ್ನ ಪಕ್ಕದಲ್ಲೇ ನಿಂತಿದ್ದರು.

"ಎಲ್ಲೈತೆ ಸೋಮಿ?" ಎಂದರು.

"ಇರುತ್ತೆ, ಇರಿ" ಎಂದೆ. ಎಲ್ಲಿದೆಯೋ ನನಗೂ ಗೊತ್ತಿರಲಿಲ್ಲ.

ಅರವತ್ತರ ದಶಕದ ಶುರುವಿನ ಮಾತು. ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಾಗಿದ್ದ ಕಾಲ. ಒಂದು ಮನೆಯ ಹಿಂದಿನ ಔಟ್‌ಹೌಸನ್ನು ಬಾಡಿಗೆಗೆ ಹಿಡಿದು ನಾನು ಬ್ಲಾಕ್ ಮಾಡುವ ಕೆಲಸ ಇಟ್ಟುಕೊಂಡಿದ್ದೆ. ಜಯನಗರದಲ್ಲಿ ಬ್ಲಾಕ್ ಎಂದರೆ ಎಲ್ಲರೂ "ಎಷ್ಟನೇ ಬ್ಲಾಕು?" ಎಂದೇ ಕೇಳುತ್ತಿದ್ದರು. ನನ್ನದು ಅಚ್ಚಿನ ಬ್ಲಾಕ್. ಚಿತ್ರವನ್ನೋ ರುಜುವನ್ನೋ ದೊಡ್ಡ ಕ್ಯಾಮೆರಾದಲ್ಲಿ ಗಾಜಿನ ಪ್ಲೇಟಿಗೆ ಹಿಡಿದು, ಸತುವಿನ ತಗಡಿಗೆ ಇಳಿಸಿ, ಆಸಿಡ್ಡಿನಲ್ಲಿ ಕೊರೆಸಿ, ಮರದ ತುಂಡಿಗೆ ಮೊಳೆ ಹೊಡೆದು ಪ್ರೆಸ್ಸಿಗೆ ಕೊಡುವುದು.

ಆಗ ಯಾವ ಸಂಘ ಸ್ಮರಣ ಸಂಚಿಕೆ ತಂದರೂ ನಾಯಕರ ಸಂದೇಶ ಬೇಕು, ಸಂದೇಶದ ಕೆಳಗೆ ಅವರ ರುಜು ಬೇಕು. ಹೀಗಾಗಿ ದೇಶದ ದೊಡ್ಡವರ ರುಜುಗಳೆಲ್ಲ ನನ್ನ ಆಸಿಡ್ ತೊಟ್ಟಿಯಲ್ಲಿ ಒಮ್ಮೆಯಾದರೂ ಮಿಂದು ಎದ್ದಿದ್ದವು. ನೋಡಿ ನೋಡಿ ನನಗೊಂದು ಚಟ ಹತ್ತಿತ್ತು. ಸ್ವಾತಂತ್ರ್ಯಕ್ಕೆ ಮುಂಚೆ ಜೈಲಿನಿಂದ ಕಾಗದ ಬರೆದವರ ರುಜುವಿನಲ್ಲಿ ಪ್ರತಿ ಅಕ್ಷರವೂ ನಿಂತು ಮಾತಾಡುತ್ತಿತ್ತು. ಅದೇ ಮನುಷ್ಯ ಮಂತ್ರಿಯಾಗಿ, ಮೇಜಿನ ಮೇಲೆ ಫೈಲು ಬೆಳೆದ ಹಾಗೆ, ರುಜುವಿನಲ್ಲಿ ಒಂದೊಂದೇ ಅಕ್ಷರ ಉದುರಿ ಕೊನೆಗೆ ಒಂದು ಬಾಲ ಉಳಿಯುತ್ತಿತ್ತು. ಕೆಲವಂತೂ ರಬ್ಬರ್ ಸ್ಟಾಂಪು. ಭಾಷಣವನ್ನು ಇನ್ನೊಬ್ಬರು ಬರೆದುಕೊಡಬಹುದು, ಫೋಟೋಕ್ಕೆ ಮುಖ ಸರಿಮಾಡಿಕೊಳ್ಳಬಹುದು. ಕೈಬರಹದಲ್ಲಿ ಆ ಹೊತ್ತಿನ ಕೈ ಇರುತ್ತದೆ. ಇತಿಹಾಸ ಓದಿದವರು ಇದನ್ನು ಇನ್ನೂ ಚೆನ್ನಾಗಿ ಹೇಳಿಯಾರು. ನಾನು ಕಂಡದ್ದು ಇಷ್ಟು.

ಯಡಿಯೂರಿನ ಯಜಮಾನರ ಸಂಕಟ ಬೇರೆ. ಹೊಸ ಬಡಾವಣೆಯವರು ಒಂದು ವಾಚನಾಲಯ ಕಟ್ಟುತ್ತಿದ್ದರು. ಜಾಗ ಕೊಟ್ಟವರು ಯಜಮಾನರು. ಅವರ ಬೇಡಿಕೆ ಒಂದೇ. ಸ್ವಾತಂತ್ರ್ಯ ಬರುವ ಮುಂಚೆ ಆ ನಾಯಕರು ಪ್ರವಾಸದಲ್ಲಿ ಅವರ ಮನೆಯ ಜಗಲಿಯ ಮೇಲೆ ಕೂತು, ಉತ್ತರದವರಾದರೂ ಕನ್ನಡದಲ್ಲೇ ರುಜು ಹಾಕಿದ್ದರು. ಆ ರುಜು ಬಾಗಿಲ ಪಕ್ಕದ ಕಲ್ಲಿನಲ್ಲಿ ಇರಬೇಕು, ಸಂಚಿಕೆಯಲ್ಲೂ ಬರಬೇಕು. ಯಜಮಾನರ ತಂದೆ ಸಾಯುವ ತನಕ ಈ ಸಂಗತಿ ಹೇಳಿಕೊಂಡೇ ಬದುಕಿದವರು. ಆದರೆ ಕಾಗದದ ಮೇಲೆ ಕುಂಕುಮ ಬಿಟ್ಟು ಏನೂ ಕಾಣುತ್ತಿರಲಿಲ್ಲ. "ಗೌಡರ ಮನೇಲಿರೋದು ಬರೀ ಕುಂಕುಮದ ಕಾಗದ" ಎಂದು ಆಗದವರು ಯಜಮಾನರನ್ನು ಆಡಿಕೊಳ್ಳುತ್ತಿದ್ದರು. ವಾಚನಾಲಯದ ಕಾರ್ಯದರ್ಶಿ, ಸರ್ಕಾರಿ ಕೆಲಸದಿಂದ ನಿವೃತ್ತರಾದ ಖಡಕ್ ಮನುಷ್ಯ, ಯಜಮಾನರ ಮುಖಕ್ಕೇ ಹೇಳಿದ್ದರು:

"ರುಜು ಇದೆ ಅಂತೀರಿ, ಸರಿ. ಅದಕ್ಕೆ ರುಜುವಾತು ಬೇಕಲ್ರೀ!"

ಆ ಮಾತು ಯಜಮಾನರಿಗೆ ಸರಿಯಾಗಿ ನಾಟಿತ್ತು. ಅಪ್ಪನ ಮಾತು ಸುಳ್ಳಾಗಬಾರದು. ಅಷ್ಟೇ ಅವರಿಗೆ ಬೇಕಾಗಿದ್ದದ್ದು.

ಕಾಗದವನ್ನು ಮರದ ಹಲಗೆಯ ಮೇಲಿಟ್ಟು, ನಾಲ್ಕು ಅಂಚಿಗೂ ಮರದ ಪಟ್ಟಿ ಹೊಡೆದಿದ್ದರು. ಗಾಜು ಇರಲಿಲ್ಲ. ಗಾಜು ಹಾಕಿದರೆ ಅರಿಶಿನ ಕುಂಕುಮ ನಾಯಕರಿಗೆ ಮುಟ್ಟುವುದಿಲ್ಲ ಎಂದು ತಂದೆಯೇ ಬೇಡ ಎಂದಿದ್ದರಂತೆ. ಅಲ್ಲಿಂದಾಚೆ ಪ್ರತಿ ಶುಕ್ರವಾರ, ಪ್ರತಿ ಹಬ್ಬಕ್ಕೆ, ದೇವರ ಪಟಗಳಿಗೆ ಇಟ್ಟ ಹಾಗೆ ಆ ಅಕ್ಷರಗಳಿಗೂ ಕುಂಕುಮ. ದಪ್ಪ ಕಟ್ಟಿ, ದೀಪದ ಜಿಡ್ಡು ಸೇರಿ, ಕಾಗದದ ನಡುವೆ ಕೆಂಪು ಗೋಡೆ ಎದ್ದಿತ್ತು.

ಮೊದಲ ಸಲ ಅವರ ಮನೆಗೆ ಹೋಗಿ ಅದನ್ನು ನೋಡಿದಾಗ, ಹತ್ತಿ ಒದ್ದೆ ಮಾಡಿ ಮೆತ್ತಗೆ ಒರೆಸಿಬಿಡೋಣ ಎಂದು ನಾನು ಬಾಯಿ ತೆಗೆದದ್ದೇ ತಪ್ಪಾಯಿತು. ಯಜಮಾನರ ಹೆಂಡತಿ ನಡುಮನೆಯಿಂದಲೇ ಗದರಿಸಿದರು.

"ಕುಂಕುಮ ಅಳಿಸೋದು ಅಂದ್ರೆ ಏನು ಅಂತ ಗೊತ್ತೇನ್ರೀ ನಿಮ್ಗೆ? ಮುತ್ತೈದೆ ಇರೋ ಮನೇಲಿ ಆಡೋ ಮಾತಾ ಅದು? ಏನ್ ಬೇಕಾದ್ರೂ ಮಾಡಿ, ಒರೆಸ್‌ಬ್ಯಾಡಿ."

ಅಲ್ಲಿಗೆ ಆ ದಾರಿ ಮುಚ್ಚಿತು. ಯಜಮಾನರು ಹಲಗೆಯನ್ನು ರೇಷ್ಮೆ ವಸ್ತ್ರದಲ್ಲಿ ಸುತ್ತಿ ನನ್ನ ಔಟ್‌ಹೌಸಿಗೆ ತರುವುದು, ನಾನು ಕ್ಯಾಮೆರಾ ಮುಂದೆ ನಿಲ್ಲಿಸುವುದು, ಸಂಜೆ ದೀಪ ಹಚ್ಚುವುದರೊಳಗೆ ಅವರು ವಾಪಸು ಒಯ್ಯುವುದು ಎಂದಾಯಿತು. ನನ್ನ ಅಂಗಡಿಯಲ್ಲೇ ನನ್ನ ಚಪ್ಪಲಿ ಬಿಡಿಸಿದರು. ಆಸಿಡ್ ಚೆಲ್ಲಿದ ನೆಲ, ನನ್ನ ಪಾದದ ಗತಿ ಕೇಳುವವರಿಲ್ಲ.

ಮೊದಲ ಪ್ಲೇಟು ಕರಿಯ ಮುದ್ದೆ ಆದದ್ದಕ್ಕೆ ಕಾರಣ ಸುಲಭ. ನಾನು ಬಳಸುತ್ತಿದ್ದ ಪ್ಲೇಟಿಗೆ ಕೆಂಪು ಕಾಣುವುದೇ ಇಲ್ಲ. ಅದಕ್ಕೇ ಡಾರ್ಕ್‌ರೂಮಿನಲ್ಲಿ ಧೈರ್ಯವಾಗಿ ಕೆಂಪು ದೀಪ ಹಚ್ಚಿಕೊಳ್ಳುವುದು. ಕೆಂಪು ಕಾಣದ ಪ್ಲೇಟಿಗೆ ಕುಂಕುಮವೂ ಕಪ್ಪೇ, ಮಸಿಯೂ ಕಪ್ಪೇ. ಬೆಳಕು ಹೆಚ್ಚಿಸಿದೆ, ಇಳಿಸಿದೆ, ಪಕ್ಕದಿಂದ ಹಾಯಿಸಿದೆ. ಮುದ್ದೆ ಮುದ್ದೆಯಾಗಿಯೇ ಉಳಿಯಿತು. ನಾನು ಮೊದಲೇ ಕೂತಲ್ಲಿ ಕೂರದ ಜೀವ. ಊಟಕ್ಕೆ ಕೂತರೆ ತಟ್ಟೆಯಲ್ಲಿ ಬೆರಳಿನಿಂದ ಅಕ್ಷರ ಬರೆಯುತ್ತಿದ್ದೆ. ಹೆಂಡತಿ, "ಅನ್ನ ತಿನ್ನೋಕೆ, ತಿದ್ದೋಕಲ್ಲ" ಎಂದು ರೇಗಿದಳು.

ಆಮೇಲೆ ಹೊಳೆಯಿತು. ಕೆಂಪು ಕಾಣುವ ಪ್ಲೇಟು ಬೇಕು, ಅದರ ಮುಂದೆ ಕೆಂಪು ಗಾಜು ಬೇಕು. ದೀಪದ ಎಣ್ಣೆ ಕುಡಿದ ಕುಂಕುಮದೊಳಗೆ ಕೆಂಪು ಬೆಳಕು ಹಾಯುತ್ತದೆ, ಕೆಂಪು ಗಾಜಿನ ಮೂಲಕ ನೋಡಿದರೆ ಕುಂಕುಮವೂ ಬೆಳ್ಳಗಿನ ಕಾಗದವೂ ಒಂದೇ ಆಗಿ ಕರಗುತ್ತವೆ, ಕಾಡಿಗೆಯ ಮಸಿ ಮಾತ್ರ ಕಪ್ಪಾಗಿ ಉಳಿಯುತ್ತದೆ. ಹಳೆಯ ಮನೆಗಳಲ್ಲಿ ದೀಪದ ಕಾಡಿಗೆಯಿಂದಲೇ ಮಸಿ ಮಾಡುತ್ತಿದ್ದರು ಎಂಬುದು ನನ್ನ ಪುಣ್ಯ. ಆದರೆ ಅಂಥ ಪ್ಲೇಟು ಸಿಗುವುದು ಆಗ ಸುಲಭವಿರಲಿಲ್ಲ, ಎಲ್ಲ ಪರದೇಶದ ಮಾಲು. ಬಸವನಗುಡಿಯ ಸ್ಟುಡಿಯೋದ ಗೆಳೆಯನೊಬ್ಬ, ಆಕಾಶ ಕಪ್ಪಾಗಿ ಮೋಡ ಎದ್ದು ಕಾಣಲಿ ಎಂದು ಬಳಸುತ್ತಿದ್ದ ಕೆಂಪು ಗಾಜನ್ನೂ, ಉಳಿಸಿಟ್ಟುಕೊಂಡಿದ್ದ ಕೆಲವು ಪ್ಲೇಟುಗಳನ್ನೂ, ಪ್ರಾಣ ಕೊಟ್ಟವನ ಹಾಗೆ ಮುಖ ಮಾಡಿ ಕೊಟ್ಟ.

ಅದರಲ್ಲೂ ಮೊದಲನೆಯದು ಹಾಳಾಯಿತು. ಕೆಂಪು ಗಾಜು ಬೆಳಕು ನುಂಗುತ್ತದೆ, ಶಟರ್ ಬಹಳ ಹೊತ್ತು ತೆರೆದಿರಬೇಕು. ಅಷ್ಟರಲ್ಲಿ ಹೊರಗೆ ಕಲ್ಲಿನ ಲಾರಿ ಹೋಗಿ ಔಟ್‌ಹೌಸೆಲ್ಲ ನಡುಗಿತು, ರುಜು ಎರಡೆರಡಾಗಿ ಬಂತು. ಇನ್ನೊಂದು ತೆಗೆಯುವಾಗ ಯಜಮಾನರು ತಾವೇ ರಸ್ತೆಗೆ ಹೋಗಿ ಗಾಡಿಗಳನ್ನು ತಡೆದು ನಿಂತರು. ಈ ಪ್ಲೇಟನ್ನು ತೊಳೆಯಲು ಕೆಂಪು ದೀಪವೂ ಕೂಡದು. ಗಾಢ ಕತ್ತಲಲ್ಲಿ ತಡಕಾಡುತ್ತ, ಮನಸ್ಸಿನಲ್ಲೇ ಎಣಿಸುತ್ತ, ಎಣಿಕೆ ತಪ್ಪಿ ಮತ್ತೆ ಎಣಿಸುತ್ತ ಬೆವರಿದೆ. ಬಾಗಿಲ ಆಚೆ ಯಜಮಾನರು "ಬಂದ್ರಾ? ಬಂದ್ರಾ?" ಎಂದು ಕೇಳುತ್ತಲೇ ಇದ್ದರು, ಒಳಗೆ ಹೆರಿಗೆ ನಡೆಯುತ್ತಿದ್ದ ಹಾಗೆ.

ಬಂದರು. ಪ್ರಿಂಟಿನಲ್ಲಿ ಕುಂಕುಮ ಎಲ್ಲೋ ಮಾಯ. ಬಿಳಿಯ ಕಾಗದದ ಮೇಲೆ ಒಂದೇ ಸಾಲು, ನಾಯಕರ ಹೆಸರು, ಕನ್ನಡದಲ್ಲಿ, ಕಣ್ಣಿಗೆ ಒತ್ತಿಕೊಳ್ಳುವಷ್ಟು ದುಂಡಾಗಿ. ಯಜಮಾನರು ಮೇಲುವಸ್ತ್ರದಿಂದ ಕಣ್ಣು ಒರೆಸಿಕೊಂಡರು. ಕಾರ್ಯದರ್ಶಿ ಸೈಕಲ್ ಏರಿ ಬಂದು ನೋಡಿ ಬೆರಗಾದರು.

"ಏನ್ ಅಕ್ಷರ ಕಣ್ರೀ! ನಮ್ಮವರೇ ಹೀಗೆ ಬರೆಯಲ್ಲ. ಇವತ್ತೇ ಬ್ಲಾಕ್ ಮಾಡಿ. ಕಲ್ಲುಕುಟಿಗ ಕಾಯ್ತಾ ಕೂತಿದಾನೆ."

ಕಲ್ಲಿಗಾಗಿ ಅಕ್ಷರವನ್ನು ದೊಡ್ಡದು ಮಾಡಿದೆ. ಸವೆದ ಕಡೆ ಸಣ್ಣ ಕುಂಚದಿಂದ ತುಂಬಬೇಕು, ಆದ್ದರಿಂದ ಪ್ರತಿ ಗೆರೆಯ ಹಿಂದೆಯೂ ನಡೆಯಬೇಕು. ಹಾಗೆ ನಡೆಯುತ್ತ ಒಂದು ಕಡೆ ಕುಂಚ ಕೆಳಗಿಟ್ಟು ಮತ್ತೆ ಮೊದಲಿನಿಂದ ನೋಡಿದೆ. ಒತ್ತಕ್ಷರ ಲೇಖನಿ ಎತ್ತದೆ ಒಂದೇ ಎಳೆತದಲ್ಲಿ ಮೂಡಿತ್ತು. ತಲೆಕಟ್ಟು ಬೀಸಿದ ಹಾಗೆ ಬಂದು ಮುಂದಿನ ಅಕ್ಷರಕ್ಕೆ ಹೊರಳಿತ್ತು. ಹೊಸದಾಗಿ ಕಲಿಯುವ ಕೈ ಅಕ್ಷರ ಬರೆಯುವುದಿಲ್ಲ, ಅಕ್ಷರದ ಚಿತ್ರ ಬಿಡಿಸುತ್ತದೆ. ಅಲ್ಲಲ್ಲಿ ನಿಲ್ಲುತ್ತದೆ, ನಿಂತಲ್ಲಿ ಮಸಿ ಕೂರುತ್ತದೆ. ಇಲ್ಲಿ ಅಂಥ ಒಂದು ಚುಕ್ಕಿಯೂ ಇಲ್ಲ. ಹುಟ್ಟಿದಾಗಿನಿಂದ ಕನ್ನಡ ಬರೆದ ಕೈ ಇದು, ಇಲ್ಲವಾದರೆ ನನ್ನ ಕಸುಬೇ ಸುಳ್ಳು.

ಸುಮ್ಮನಿರಬಹುದಿತ್ತು. ಸುಮ್ಮನಿರುವುದು ನನ್ನ ಜಾತಕದಲ್ಲಿ ಇಲ್ಲ. ಯಜಮಾನರನ್ನು, "ಅವರಿಗೆ ಕನ್ನಡ ಅಕ್ಷರ ತೋರಿಸಿಕೊಟ್ಟೋರು ಯಾರು?" ಎಂದು ಕೇಳಿದೆ.

"ನಮ್ ಜಗಲಿ ಮ್ಯಾಲೆ ಒಬ್ರು ಟೀಚರಮ್ಮ ಹೆಂಗಸ್ರಿಗೆ ರಾಟೆ, ಓದು ಹೇಳ್ಕೊಡ್ತಿದ್ರು. ಅವರೇ ಇರ್ಬೇಕು. ನಾನಾಗ ಪುಟ್ ಹೈದ" ಎಂದರು. ಆಕೆ ಈಗ ಜಯನಗರದಲ್ಲೇ ತಮ್ಮನ ಮನೆಯಲ್ಲಿ ಇದ್ದಾರೆಂದೂ ಹೇಳಿದರು.

ಪ್ರಿಂಟನ್ನು ಸುರುಳಿ ಸುತ್ತಿ ಹೊರಟೆ. ದಾರಿಯುದ್ದಕ್ಕೂ ಆಕೆ "ಅದು ಅವರದೇ" ಎಂದುಬಿಡಲಿ ಎಂದು ಬೇಡಿಕೊಂಡೆ. ಟೀಚರಮ್ಮ ವರಾಂಡದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಬಿಳಿ ಖಾದಿ ಸೀರೆ, ಬೋಳು ಹಣೆ. ಗಂಡನ ಮುಖ ನೆನಪಿಲ್ಲದ ವಯಸ್ಸಿನಲ್ಲೇ ವಿಧವೆಯಾದವರು, ಹಟ ಹಿಡಿದು ಓದಿ ಟೀಚರಾದವರು. ಕೈ ಒರೆಸಿಕೊಂಡು, ಕನ್ನಡಕ ಏರಿಸಿ ಪ್ರಿಂಟ್ ನೋಡಿದರು. ನೋಡಿ ನಕ್ಕರು.

"ಇದು ನನ್ನ ಅಕ್ಷರ ಅಲ್ವೇನಪ್ಪಾ!"

ನನ್ನ ಮುಖ ಹೇಗಾಯಿತೋ, ಆಕೆಯೇ ಪೆನ್ಸಿಲ್ ತರಿಸಿ ಪ್ರಿಂಟಿನ ಹಿಂದೆ ಅದೇ ಹೆಸರು ಬರೆದು ತೋರಿಸಿದರು. ಅದೇ ಒತ್ತು, ಅದೇ ತಲೆಕಟ್ಟು.

"ಮೇಲ್ಪಂಕ್ತಿ ಕಣಪ್ಪಾ. ಮಕ್ಕಳಿಗೆ ಕಾಪಿ ಬರೆಯೋಕೆ ಮೇಲೊಂದು ಸಾಲು ನಾವು ಬರ್ದುಕೊಡಲ್ವೇ? ಹಾಗೇ ಅವರಿಗೂ ಬರ್ದುಕೊಟ್ಟೆ. ಈ ಹೆಂಗಸರು ಓದೋ ಅಕ್ಷರದಲ್ಲೇ ಹಾಕ್ತೀನಿ ಅಂತ ಹಟ ಅವರಿಗೆ. ಕೆಳಗಡೆ ನೋಡ್ಕೊಂಡು ನೋಡ್ಕೊಂಡು ಬರೆದ್ರು, ಪಾಪ. ಎಷ್ಟು ಸೊಟ್ಟ ಅಂತೀಯಾ!"

"ಕೆಳಗಡೆ ಏನೂ ಇಲ್ವಲ್ಲಮ್ಮಾ. ಒಂದೇ ಸಾಲು ಇರೋದು."

"ಇದೆ. ನನ್ನ ಕಣ್ಣೆದುರೇ ಬರೆದ್ರು. ಮೇಲೊಂದು ಉದ್ದ ಗೀಟು ಬೇರೆ ಎಳೆದ್ರು, ಬಟ್ಟೆ ಒಣಗಿ ಹಾಕೋ ಹಗ್ಗದ ಹಾಗೆ. ಅವರ ಕಡೆ ಅಕ್ಷರಕ್ಕೆ ಹಾಗೇ ಅಲ್ವೇ."

ಆಮೇಲೆ ಆ ಕಾಗದವನ್ನು ನೀವು ನೋಡಲಿಲ್ಲವೇ ಎಂದು ಕೇಳಿದೆ. "ದೇವರ ಮನೇಲಿ ಇಟ್ರಲ್ಲ. ನನಗೆ ಜಗಲಿ ತನಕ ಅಷ್ಟೇ" ಎಂದು ಮತ್ತೆ ಅವರೆಕಾಯಿ ಕೈಗೆತ್ತಿಕೊಂಡರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಬಂದದ್ದು ನನಗೆ.

ಕಾರ್ಯದರ್ಶಿಗೆ ಹೇಳಿದೆ. ಅವರು ಸುತ್ತಲೂ ನೋಡಿ ದನಿ ತಗ್ಗಿಸಿದರು.

"ನಿಮಗೆ ಬೇರೆ ಕೆಲಸ ಇಲ್ವೇನ್ರೀ? ಅಕ್ಷರ ಚೆನ್ನಾಗಿದೆ, ಗೌಡರಿಗೆ ಸಮಾಧಾನ ಆಗಿದೆ. ಯಾರಿಗ್ರೀ ಗೊತ್ತಾಗುತ್ತೆ?"

"ರುಜುವಾತು ಕೇಳಿದೋರು ನೀವೇ ಅಲ್ವಾ ಸಾರ್?"

"ಕೇಳಿದ್ದೆ. ಸಿಕ್ತಲ್ಲ, ಮುಗೀತು!"

ಔಟ್‌ಹೌಸಿಗೆ ಬಂದೆ. ತಗಡು ಸಿದ್ಧವಾಗಿತ್ತು, ಆಸಿಡ್ಡಿಗೆ ಇಳಿಸುವುದಷ್ಟೇ ಬಾಕಿ. ಒಮ್ಮೆ ಕಲ್ಲಿನ ಮೇಲೆ ಕೆತ್ತಿದರೆ ಟೀಚರಮ್ಮನ ಅಕ್ಷರ ನಾಯಕರದಾಗಿ ಹೋಗುತ್ತದೆ, ನಾಯಕರ ಅಕ್ಷರ ಇಲ್ಲವೇ ಇಲ್ಲ ಎಂದಾಗುತ್ತದೆ. ನಾಳೆ ಬಲ್ಲವನೊಬ್ಬ ಬಂದು ಇದು ಉತ್ತರದವರ ಕೈಯಲ್ಲ ಎಂದರೆ ಯಜಮಾನರ ಅಪ್ಪನೇ ಕಳ್ಳನಾಗುತ್ತಾನೆ. ತಗಡನ್ನು ಎತ್ತುವುದು, ಇಡುವುದು, ಬಾಗಿಲ ತನಕ ಹೋಗುವುದು, ಬರುವುದು. ಕೊನೆಗೆ ಅದನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಬೀಗ ಹಾಕಿ ಯಡಿಯೂರಿಗೆ ನಡೆದೆ. ಹಲಗೆ ವಾಪಸು ಹೋಗುವಾಗಲೆಲ್ಲ ನನ್ನ ಕೈಗೆ ತಗುಲುತ್ತಿದ್ದ ಒಂದು ಸಂಗತಿ ಆಗ ನೆನಪಾಯಿತು. ಕೆಳಗಿನ ಪಟ್ಟಿ ಮಾತ್ರ ಸ್ವಲ್ಪ ಉಬ್ಬಿತ್ತು.

ಯಜಮಾನರು ಪೂರ್ತಿ ಕೇಳಿಸಿಕೊಳ್ಳಲಿಲ್ಲ.

"ಅಂದ್ರೆ ನಮ್ಮಪ್ಪ ಸುಳ್ಳು ಹೇಳಿದ್ನಾ? ಇಷ್ಟು ವರ್ಷ ಯಾರದೋ ಅಕ್ಷರಕ್ಕೆ ಅಡ್ಡ ಬಿದ್ವಾ ನಾವು?"

"ಹಾಗಲ್ಲ. ನಿಮ್ಮಪ್ಪ ಹೇಳಿದ್ದು ನಿಜ ಅಂತ ತೋರಿಸೋಕೇ ಬಂದಿರೋದು. ಕೆಳಗಿನ ಪಟ್ಟಿ ಒಂದು ಬಿಚ್ಚಿ."

"ಅಪ್ಪ ಹೊಡೆದ ಮೊಳೆ ನಾನು ಕೀಳಲ್ಲ. ದೇವರ ಮೈಗೆ ಕೈ ಹಾಕಿದಂಗೆ ಅದು."

"ಕೀಳದಿದ್ರೆ ನಾನು ಬ್ಲಾಕ್ ಮಾಡಲ್ಲ. ಬೇರೆಯವರ ಹತ್ರ ಮಾಡಿಸ್ಕೊಳ್ಳಿ" ಎಂದೆ. ನನ್ನ ದನಿಯೂ ಏರಿತ್ತು. ಕೆಲಸ ಹೋಯಿತು ಎಂದುಕೊಂಡೆ.

ಆಗ ಮಾತಾಡಿದವರು ಯಜಮಾನರ ಹೆಂಡತಿ. ಅವರು ಬಾಗಿಲ ಹಿಂದೆ ನಿಂತು ಎಲ್ಲ ಕೇಳಿದ್ದರು. "ಆ ಟೀಚರಮ್ಮನ್ನ ಕರ್ಕೊಂಬನ್ನಿ. ಅವರ ಎದುರಿಗೇ ಬಿಚ್ಚಿ. ಇದ್ರೆ ಇರ್ಲಿ, ಇಲ್ದಿದ್ರೆ ಗೊತ್ತಾಗ್ಲಿ. ಈ ಸಂಕಟ ನೋಡಕ್ಕಾಗಲ್ಲ ನನ್ ಕೈಲಿ" ಎಂದರು. ಯಜಮಾನರು ಮಗನನ್ನು ಕರೆದು ಬೆಳಗ್ಗೆ ಗಾಡಿ ಕಟ್ಟಲು ಹೇಳಿದರು.

ಮರುದಿನ ಬೆಳಗ್ಗೆ ಸುದ್ದಿ ತಿಳಿದು ಕಾರ್ಯದರ್ಶಿಯೂ ಬಂದರು, ಗಾಡಿಯಲ್ಲಿ ಟೀಚರಮ್ಮ ಬಂದರು. ಅಭ್ಯಾಸಬಲ, ಜಗಲಿಯ ಮೇಲೇ ಕೂತರು. ಒಳಗೆ ಬನ್ನಿ ಎಂದು ಯಜಮಾನರ ಹೆಂಡತಿ ಕೈ ಹಿಡಿದು ಕರೆದೊಯ್ದರು. ದೇವರ ಮನೆಯ ಹೊಸ್ತಿಲ ಹತ್ತಿರ ಆಕೆ ನಿಂತದ್ದನ್ನೂ, ಆಮೇಲೆ ದಾಟಿದ್ದನ್ನೂ ಕಾರ್ಯದರ್ಶಿ ಸೇರಿ ಎಲ್ಲರೂ ನೋಡಿದೆವು.

ಮೊಳೆ ತುಕ್ಕು ಹಿಡಿದಿದ್ದವು. ಜಗ್ಗಿದರೆ ಕಾಗದ ಹರಿಯುತ್ತದೆ. ಪ್ರತಿ ಮೊಳೆಗೂ ಒಂದು ತೊಟ್ಟು ಎಣ್ಣೆ ಬಿಟ್ಟು, ಕಾದು, ಸಣ್ಣ ಇಕ್ಕಳದಿಂದ ಅಲ್ಲಾಡಿಸಿ ತೆಗೆದೆ. ಪಟ್ಟಿ ಸಡಿಲವಾಯಿತು. ಕಾಗದದ ಕೆಳಭಾಗ ಹಿಂದಕ್ಕೆ ಮಡಿಸಿಕೊಂಡಿತ್ತು. ಮಡಿಕೆಯನ್ನು ಬಿಡಿಸಲು ಧೈರ್ಯ ಸಾಲದೆ, ಬಿಸಿನೀರಿನ ಚೊಂಬನ್ನು ಹತ್ತಿರ ಹಿಡಿದು ಹಬೆ ತಾಗಿಸಿದೆ. ಮೆತ್ತಗಾಯಿತು. ಬೆರಳ ತುದಿಯಿಂದ ತಿರುಗಿಸಿದೆ.

ಇತ್ತು. ಅದೇ ಹೆಸರು, ಸೊಟ್ಟಗೆ, ಒಂದಕ್ಷರ ದೊಡ್ಡದು ಒಂದಕ್ಷರ ಚಿಕ್ಕದು, ನಿಂತ ಕಡೆಯೆಲ್ಲ ಮಸಿಯ ಚುಕ್ಕಿ. ಒತ್ತಕ್ಷರ ಅರ್ಧ ಮರೆತು ಆಮೇಲೆ ಸಿಕ್ಕಿಸಿದ ಹಾಗಿತ್ತು. ಮತ್ತೆ ಮೇಲೆ ಈ ತುದಿಯಿಂದ ಆ ತುದಿಗೆ ಒಂದೇ ಗೀಟು, ಎಲ್ಲ ಅಕ್ಷರಗಳನ್ನೂ ಹಗ್ಗಕ್ಕೆ ಹಾಕಿ ಒಣಗಿಸಿದ ಹಾಗೆ. ಹಿಂದಿ ಬರೆದು ಬೆಳೆದ ಕೈ ಬಿಟ್ಟರೆ ಇನ್ಯಾವ ಕೈಯೂ ಕನ್ನಡಕ್ಕೆ ಆ ಗೀಟು ಎಳೆಯುವುದಿಲ್ಲ. ಕಾರ್ಯದರ್ಶಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ಇದು ರುಜುವಾತು" ಎಂದರು.

ಯಜಮಾನರು ಮಾತ್ರ ಬಾಯಿ ತೆರೆದು ನಿಂತಿದ್ದರು.

"ಈ ಗೀಚು ನಂಗೆ ಗೊತ್ತು!" ಎಂದರು. "ಇದು ನಾನು ಗೀಚಿದ್ದು ಅಂತ ನಮ್ಮಪ್ಪ ನನ್ನ ಹುಣಸೆ ಬರ್ಲಲ್ಲಿ ಬಾರಿಸಿದ್ದ. ನಾನಲ್ಲ ನಾನಲ್ಲ ಅಂದ್ರೂ ಬಿಡ್ಲಿಲ್ಲ. ಅಯ್ಯೋ ನಮ್ಮಪ್ಪನೇ!"

ಜನರ ಗದ್ದಲದಲ್ಲಿ ಬರೆದದ್ದನ್ನು ಕಾಣದ, ಓದು ಬಾರದ ತಂದೆ, ದೊಡ್ಡ ಮನುಷ್ಯರ ಅಕ್ಷರ ದುಂಡಗೇ ಇರಬೇಕು ಎಂದು ನಂಬಿ ಮೇಲ್ಪಂಕ್ತಿಯನ್ನು ದೇವರ ಮನೆಗೆ ಏರಿಸಿದ್ದರು, ಮಗನ ಗೀಚೆಂದು ನಿಜವಾದ ರುಜುವನ್ನು ಮಡಿಸಿ ಮೊಳೆ ಹೊಡೆದಿದ್ದರು. ಯಜಮಾನರು ನಗುತ್ತಿದ್ದರು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಟೀಚರಮ್ಮನೂ ಸೆರಗು ಬಾಯಿಗೆ ಹಿಡಿದು ನಕ್ಕರು. ನನಗೆ ಎಷ್ಟೋ ಹೊತ್ತಿನ ಮೇಲೆ ಕೂರಬೇಕೆನಿಸಿತು, ನೆಲದ ಮೇಲೇ ಕೂತೆ.

ಸೊಟ್ಟ ಸಾಲೇ ಕಲ್ಲಿಗೆ ಹೋಗುವುದೆಂದು ಅಲ್ಲೇ ತೀರ್ಮಾನವಾಯಿತು. ಸಂಚಿಕೆಗೆ ಎರಡೂ ಸಾಲು, ಮೇಲೂ ಕೆಳಗೂ, ಬರೆದ ಹಾಗೇ. ಯಜಮಾನರ ಹೆಂಡತಿ ಕುಂಕುಮದ ಭರಣಿ ತಂದು ಹೊಸದಾಗಿ ಕಂಡ ರುಜುವಿನ ಮುಂದೆ ಬೆರಳು ಚಾಚಿದರು. ಟೀಚರಮ್ಮ ತಡೆದರು.

"ಬೇಡಮ್ಮಾ. ಈಗ ತಾನೇ ಕಾಣ್ತಾ ಇದೆ ಅದು."

ಆಕೆ ಬೆರಳು ಹಿಂದೆಗೆದುಕೊಂಡರು. ಆಮೇಲೆ ಮೇಲಿನ ಸಾಲನ್ನೂ, ಅದರ ಮೇಲೆ ವರ್ಷಗಟ್ಟಲೆ ತಾವೇ ಇಟ್ಟ ಕುಂಕುಮವನ್ನೂ ನೋಡಿ, ತಡವರಿಸುತ್ತ ಕೇಳಿದರು:

"ಹಂಗಾದ್ರೆ ಇದು... ಇದನ್ನ ಒರೆಸ್‌ಬೇಕಾ ಅಮ್ಮಾ?"

ಟೀಚರಮ್ಮ ತಮ್ಮ ಅಕ್ಷರವನ್ನು ಬಗ್ಗಿ ನೋಡಿದರು. ಕೈ ಅರಿವಿಲ್ಲದೆ ಹಣೆಯ ತನಕ ಹೋಗಿ ಕೆಳಗಿಳಿಯಿತು.

"ಇರ್ಲಿ ಬಿಡಮ್ಮಾ. ಅಕ್ಷರಕ್ಕಾದ್ರೂ ಇರ್ಲಿ."

ಆ ಮಧ್ಯಾಹ್ನವೇ ಹಲಗೆಯನ್ನು ಮತ್ತೆ ಕ್ಯಾಮೆರಾ ಮುಂದೆ ನಿಲ್ಲಿಸಿದೆ. ಕೆಂಪು ಕಾಣುವ ಪ್ಲೇಟು ಒಂದೇ ಉಳಿದಿತ್ತು. ಸಂಚಿಕೆ ಹೊರಬಂದಾಗ ಆ ಪುಟದ ಕೆಳಸಾಲು ಸ್ವಚ್ಛವಾಗಿತ್ತು, ಮೇಲಿನ ಸಾಲಿನ ದುಂಡು ಅಕ್ಷರಗಳ ಮೇಲೆ ಬೂದು ಬಣ್ಣದ ಕಲೆ ಹರಡಿತ್ತು. ಪ್ರೆಸ್ಸಿನವನು ಬ್ಲಾಕ್ ಕೊಳೆಯಾಗಿದೆ ಎಂದು ತಕರಾರು ತೆಗೆದಿದ್ದ. ಕೊಳೆಯಲ್ಲ, ಹಾಗೇ ಹೊಡಿ ಎಂದಿದ್ದೆ. ಆ ಪ್ಲೇಟು ತೆಗೆಯುವಾಗ ನಾನು ಕೆಂಪು ಗಾಜು ಹಾಕಿರಲಿಲ್ಲ.